ನೋವಿನ ಮಾತ್ರೆಯ ಚಟ: ಚಿಕಿತ್ಸೆಯೂ ಸಂಶೋಧನೆಯೂ ನಮ್ಮ ತಾಲೂಕಿಗೆ ಬರಲಿ

(ಚಿಂತಾಮಣಿಯಲ್ಲಿ ಆಶಾ ಕಾರ್ಯಕರ್ತೆಯರು, ಮೆಡಿಕಲ್ ಸ್ಟೋರ್ ನಡೆಸುವವರು, ಕಾಲೇಜು ವಿದ್ಯಾರ್ಥಿಗಳು ಮತ್ತು ಊರಿನ ಹಿರಿಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಚಟ ಅಂದ ಕೂಡಲೇ ನಮ್ಮ ಕಡೆ ಎಲ್ಲರ ತಲೆಗೆ ಬರುವುದು ಕುಡಿತ. ಅದರಲ್ಲಿ ತಪ್ಪಿಲ್ಲ. ದೆಹಲಿಯ ಏಮ್ಸ್‌ನವರು ದೇಶದ ಉದ್ದಗಲಕ್ಕೆ ನಡೆಸಿದ, 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆಯಲ್ಲೂ ಕುಡಿತವೇ ಎಲ್ಲಕ್ಕಿಂತ ಮುಂದಿದೆ. ಆದರೆ ಅದೇ ವರದಿಯಲ್ಲಿ ಇನ್ನೊಂದು ಲೆಕ್ಕ ಇದೆ. ಅಫೀಮಿನ ಜಾತಿಗೆ ಸೇರಿದ ವಸ್ತುಗಳನ್ನು ಬಳಸುವವರು ಸುಮಾರು 2.26 ಕೋಟಿ ಜನ. ಅವರಲ್ಲಿ ನೆರವು ಬೇಕಾದವರು ಸುಮಾರು 77 ಲಕ್ಷ. ದೇಶದ ಜನರಲ್ಲಿ ಹೆರಾಯಿನ್ ಬಳಸುವವರು ನೂರಕ್ಕೆ 1.14. ಮೆಡಿಕಲ್ ಸ್ಟೋರ್‌ನಿಂದ ಬರುವ ನೋವಿನ ಮಾತ್ರೆ, ಸಿರಪ್‌ನಂಥವನ್ನು ಹೀಗೆ ಬಳಸುವವರು ನೂರಕ್ಕೆ 0.96. ಎರಡೂ ಹೆಚ್ಚುಕಮ್ಮಿ ಪಕ್ಕಪಕ್ಕದಲ್ಲೇ ಇವೆ ಅಲ್ವಾ? ಹೆರಾಯಿನ್ ಅಂದರೆ ಊರೆಲ್ಲ ಬೆಚ್ಚಿಬೀಳುತ್ತದೆ. ಮಾತ್ರೆಯ ಪಟ್ಟಿ ಜೇಬಿನಲ್ಲಿದ್ದರೆ ಯಾರೂ ಕೇಳುವುದಿಲ್ಲ.

ಈ ಗುಂಪಿನ ಔಷಧಗಳನ್ನು ನಾವು ಡಾಕ್ಟರುಗಳು ಒಪಿಯಾಯ್ಡ್ ಅಂತೀವಿ. ಅಫೀಮು, ಮಾರ್ಫಿನ್, ಹೆರಾಯಿನ್, ಕೆಲವು ಕೆಮ್ಮಿನ ಸಿರಪ್‌ಗಳಲ್ಲಿರುವ ಕೋಡೀನ್, ನೋವಿನ ಮಾತ್ರೆಗಳಾದ ಟ್ರಮಡಾಲ್ ಮತ್ತು ಟ್ಯಾಪೆಂಟಡಾಲ್ ಎಲ್ಲ ಇದೇ ಗುಂಪು. ಪ್ಯಾರಾಸಿಟಮಾಲ್ ಇದಲ್ಲ, ಗಾಬರಿ ಬೇಡ. 2018ರಲ್ಲಿ ಟ್ರಮಡಾಲನ್ನು ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ತಂದರು. ಅದು ಸಿಗುವುದು ಕಷ್ಟವಾದ ಮೇಲೆ ಟ್ಯಾಪೆಂಟಡಾಲ್ ಕಡೆಗೆ ತಿರುಗಿದವರು ಬಹಳ. ಅದನ್ನು ನುಂಗುವುದು ಮಾತ್ರ ಅಲ್ಲ. ಪುಡಿ ಮಾಡಿ, ನೀರಿನಲ್ಲಿ ಕಲಸಿ, ಸಿರಿಂಜಿನಲ್ಲಿ ನರಕ್ಕೆ ಏರಿಸಿಕೊಳ್ಳುವ ಹುಡುಗರೂ ಇದ್ದಾರೆ. ಮಾತ್ರೆಯನ್ನು ಮಾಡಿರುವುದು ಹೊಟ್ಟೆಗೆ, ರಕ್ತನಾಳಕ್ಕಲ್ಲ. ಅದರ ಪುಡಿ ರಕ್ತನಾಳ ಮುಚ್ಚುತ್ತದೆ, ಕೈ ಕೀವಾಗುತ್ತದೆ. ಒಂದೇ ಸೂಜಿ ನಾಲ್ಕು ಜನರ ಕೈ ಬದಲಾಯಿಸಿದರೆ ಎಚ್‌ಐವಿ, ಹೆಪಟೈಟಿಸ್ ಸಿ ಜೊತೆಗೇ ಬರುತ್ತವೆ.

ಇನ್ನೊಂದು ದಾರಿಯೂ ಇದೆ. ಅದು ನೋವಿನ ದಾರಿ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಮೈಕೈ ನೋವಿಗೆ ಬರ ಇಲ್ಲ. ರಾತ್ರಿಯೆಲ್ಲ ಟೊಮೆಟೊ ಬಾಕ್ಸ್ ಲೋಡ್ ಮಾಡುವವರು, ಶಿಡ್ಲಘಟ್ಟದಲ್ಲಿ ದಿನವಿಡೀ ರೇಷ್ಮೆ ನೂಲು ತೆಗೆಯುವವರು, ಲಾರಿ ಓಡಿಸುವವರು. ಪಾವಗಡ, ಬಾಗೇಪಲ್ಲಿ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಕೀಲು ಬಿಗಿದುಕೊಂಡವರು. ನೋವಿಗೆ ಸರಿಯಾದ ಚಿಕಿತ್ಸೆ ಸಿಗದೆ, ಯಾರೋ ಒಮ್ಮೆ ಬರೆದುಕೊಟ್ಟ ಚೀಟಿಯನ್ನೇ ಮತ್ತೆ ಮತ್ತೆ ತೋರಿಸಿ ಮಾತ್ರೆ ತರುವವರನ್ನು ನಾನು ನೋಡಿದ್ದೇನೆ. ಇವರಲ್ಲಿ ಹೆಂಗಸರೂ ಇದ್ದಾರೆ. ಅವರು ತಮ್ಮನ್ನು ಚಟಗಾರರು ಅಂದುಕೊಂಡಿರುವುದಿಲ್ಲ. ಮಾತ್ರೆ ಬಿಟ್ಟ ಮರುದಿನ ಮೈ ನಡುಗಿ, ಮೂಗು ಸೋರಿ, ಹೊಟ್ಟೆ ಕಿವುಚಿದಾಗ ಜ್ವರ ಬಂತು ಅಂದುಕೊಳ್ಳುತ್ತಾರೆ. ಮತ್ತೆ ಮಾತ್ರೆ ನುಂಗಿದರೆ ಎಲ್ಲ ಹೋಗುತ್ತದೆ. ಹೀಗೇ ವರ್ಷ ಕಳೆಯುತ್ತದೆ.

ಮನೆಯವರು ನಮ್ಮ ಹತ್ತಿರ ಬಂದಾಗ ಕೇಳುವುದು ಒಂದೇ ಮಾತು. "ಸಾರ್, ಹೆಂಗಾದ್ರೂ ಬಿಡಿಸಿ ಕಳಿಸಿ." ಹತ್ತು ಹದಿನೈದು ದಿನ ಎಲ್ಲಾದರೂ ಇಟ್ಟು, ಮೈಯಿಂದ ಎಲ್ಲ ಇಳಿಸಿ, ಹೊಸ ಮನುಷ್ಯನನ್ನಾಗಿ ವಾಪಸ್ ಕೊಡಿ ಅಂತ. ಮದ್ಯವರ್ಜನ ಶಿಬಿರಗಳನ್ನು ನೋಡಿ ಬೆಳೆದ ನಮಗೆ ಅದು ಸಹಜವಾದ ಬೇಡಿಕೆಯೇ. ಒಪಿಯಾಯ್ಡ್ ವಿಷಯದಲ್ಲಿ ಮಾತ್ರ ಇದು ಅಪಾಯ. ಇವತ್ತು ನಾನು ಇಲ್ಲಿ ನಿಂತಿರುವುದೇ ಇದನ್ನು ಹೇಳೋದಕ್ಕೆ.

ಯಾಕೆ ಅಪಾಯ? ದಿನಾ ತೆಗೆದುಕೊಳ್ಳುತ್ತಾ ಹೋದರೆ ದೇಹ ಒಗ್ಗಿಕೊಳ್ಳುತ್ತದೆ. ಮೊದಲು ಒಂದು ಮಾತ್ರೆ ಸಾಕಿತ್ತು, ಈಗ ಹತ್ತು ಬೇಕು. ಹೊಸಬನಿಗೆ ಕೊಟ್ಟರೆ ಉಸಿರು ನಿಂತು ಹೋಗುವಷ್ಟು ಪ್ರಮಾಣವನ್ನು ಇವನ ದೇಹ ತಡೆದುಕೊಳ್ಳುತ್ತಿರುತ್ತದೆ. ಕೆಲವು ವಾರ ಪೂರ್ತಿ ಬಿಡಿಸಿದರೆ ಆ ಒಗ್ಗಿದ ಶಕ್ತಿ ಹೋಗುತ್ತದೆ. ಆಸೆ ಹೋಗುವುದಿಲ್ಲ. ಮನೆಗೆ ಬರುತ್ತಾನೆ, ಹಳೇ ಗೆಳೆಯರು ಸಿಗುತ್ತಾರೆ, ಹಳೇ ಅಳತೆಯಲ್ಲೇ ತೆಗೆದುಕೊಳ್ಳುತ್ತಾನೆ. ಮಲಗಿದವನು ಏಳುವುದಿಲ್ಲ.

ಇದು ಬರೀ ಊಹೆ ಅಲ್ಲ. ಬ್ರಿಟನ್‌ನಲ್ಲಿ ಒಪಿಯಾಯ್ಡ್ ಬಿಡಿಸಿಕೊಳ್ಳಲು ಆಸ್ಪತ್ರೆ ಸೇರಿದ 137 ಜನರನ್ನು ಆಮೇಲೆ ಒಂದು ವರ್ಷ ಗಮನಿಸಿದರು. 2003ರಲ್ಲಿ ಅದು ಪ್ರಕಟವಾಯಿತು. ಮಿತಿ ಮೀರಿದ ಪ್ರಮಾಣದಿಂದ ಸತ್ತವರು ಮೂವರು. ಮೂವರೂ ಚಿಕಿತ್ಸೆಯನ್ನು ಚಾಚೂ ತಪ್ಪದೆ ಮುಗಿಸಿ, ಪೂರ್ತಿ ಬಿಟ್ಟು ಹೊರಗೆ ಹೋದ ಗುಂಪಿನವರು. ಅರ್ಧಕ್ಕೇ ಎದ್ದು ಹೋದವರಲ್ಲಿ ಹಾಗೆ ಸತ್ತವರು ಒಬ್ಬರೂ ಇರಲಿಲ್ಲ. ನಾವು ಯಾರನ್ನು ಗೆದ್ದವರು ಅಂತ ಚಪ್ಪಾಳೆ ತಟ್ಟಿ ಕಳಿಸುತ್ತೇವೋ ಅವರಿಗೇ ಆ ಮೊದಲ ವಾರಗಳಲ್ಲಿ ಜೀವಕ್ಕೆ ಜಾಸ್ತಿ ಅಪಾಯ. ಜೈಲಿನಿಂದ ಹೊರಬಂದವರದ್ದೂ ಇದೇ ಕಥೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನೋಡಿದಾಗ, ಬಿಡುಗಡೆಯಾದ ಮೊದಲ ಎರಡು ವಾರದಲ್ಲಿ ಅವರು ಡ್ರಗ್ಸ್ ಪ್ರಮಾಣ ಮೀರಿ ಸಾಯುವ ಸಾಧ್ಯತೆ ಬೇರೆ ಜನರಿಗಿಂತ 129 ಪಟ್ಟು ಇತ್ತು.

ಹಾಗಾದರೆ ಏನು ಮಾಡಬೇಕು? ಇದಕ್ಕೆ ಉತ್ತರ 1965ರಿಂದಲೂ ಇದೆ. ಆ ವರ್ಷ ನ್ಯೂಯಾರ್ಕಿನಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಅನ್ನುವ ಇಬ್ಬರು ಡಾಕ್ಟರುಗಳು ಹೆರಾಯಿನ್ ಚಟ ಇದ್ದವರಿಗೆ ಮೆಥಡೋನ್ ಅನ್ನುವ ಔಷಧವನ್ನು ದಿನಾ ಕೊಟ್ಟು ನೋಡಿದ ಫಲಿತಾಂಶ ಪ್ರಕಟಿಸಿದರು. ಒಮ್ಮೆಲೇ ಪೂರ್ತಿ ಬಿಡಿಸುವ ಬದಲು, ಅಳತೆಯ ಔಷಧ ಕೊಟ್ಟು ಜೀವನ ಹಳಿಗೆ ತರುವ ದಾರಿ. ಆಮೇಲೆ ಬಂದದ್ದು ಬ್ಯುಪ್ರೆನಾರ್ಫಿನ್. ಇದು ನಾಲಿಗೆ ಕೆಳಗೆ ಇಡುವ ಮಾತ್ರೆ. ಇದೂ ಒಪಿಯಾಯ್ಡೇ. ಆದರೆ ಕೆರೆಯ ತೂಬನ್ನು ಅರ್ಧಕ್ಕೇ ಎತ್ತಿ ನಿಲ್ಲಿಸಿದ ಹಾಗೆ, ಒಂದು ಮಟ್ಟದ ಮೇಲೆ ಇದರ ಪರಿಣಾಮ ಏರುವುದಿಲ್ಲ. ಮೈ ನಡುಕ ನಿಲ್ಲುತ್ತದೆ, ಹಂಬಲ ಇಳಿಯುತ್ತದೆ. ಉಸಿರು ಕಟ್ಟುವ ಅಪಾಯ ಬೇರೆ ಒಪಿಯಾಯ್ಡ್‌ಗಳಿಗಿಂತ ಬಹಳ ಕಮ್ಮಿ. ಹೆಂಡ ಅಥವಾ ನಿದ್ದೆ ಮಾತ್ರೆ ಜೊತೆ ಸೇರಿಸಿದರೆ ಮಾತ್ರ ಇದೂ ಅಪಾಯವೇ.

"ಒಂದು ಚಟ ಬಿಡಿಸೋಕೆ ಇನ್ನೊಂದು ಚಟ ಹಚ್ತೀರಾ?" ಅಂತ ನನ್ನನ್ನು ಎಷ್ಟೋ ಜನ ಕೇಳಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ಇದಕ್ಕೆ ನನ್ನ ಅಭಿಪ್ರಾಯ ಬೇಡ, ಸ್ವೀಡನ್ ದೇಶದ ಒಂದು ಚಿಕ್ಕ ಅಧ್ಯಯನ ಹೇಳುತ್ತೇನೆ. ಸ್ಟಾಕ್‌ಹೋಮಿನಲ್ಲಿ ಹೆರಾಯಿನ್ ಚಟ ಇದ್ದ 40 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 20 ಜನರಿಗೆ ದಿನಾ ಬ್ಯುಪ್ರೆನಾರ್ಫಿನ್. ಇನ್ನು 20 ಜನರಿಗೆ ಆರು ದಿನದಲ್ಲಿ ಅದನ್ನು ಇಳಿಸಿ, ಆಮೇಲೆ ನೋಡೋಕೆ ಹಾಗೇ ಇರುವ ಔಷಧವಿಲ್ಲದ ಮಾತ್ರೆ. ಕೌನ್ಸೆಲಿಂಗ್, ಗುಂಪು ಚಿಕಿತ್ಸೆ ಎಲ್ಲ ಇಬ್ಬರಿಗೂ ಒಂದೇ. ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ನೂರಕ್ಕೆ 75 ಜನ ಚಿಕಿತ್ಸೆಯಲ್ಲೇ ಇದ್ದರು. ಎರಡನೇ ಗುಂಪಿನಲ್ಲಿ ಒಬ್ಬರೂ ಉಳಿದಿರಲಿಲ್ಲ. ಅಷ್ಟೇ ಅಲ್ಲ, ಆ ಇಪ್ಪತ್ತರಲ್ಲಿ ನಾಲ್ಕು ಜನ ಸತ್ತಿದ್ದರು. 2003ರಲ್ಲಿ ಇದು ಪ್ರಕಟವಾಯಿತು. ಈ ನಾಲ್ಕು ಜನರ ಲೆಕ್ಕ ನೆನಪಾದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಬರೀ ಮಾತಿನ ಚಿಕಿತ್ಸೆ ಸಾಲದು ಅಂತ ನಮಗೆ ತಿಳಿಸಿಕೊಟ್ಟದ್ದು ಅವರ ಸಾವು.

ದೊಡ್ಡ ಲೆಕ್ಕವೂ ಇದೆ. ಬೇರೆ ಬೇರೆ ದೇಶಗಳ ಒಂದು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟು ಮಾಡಿ 2017ರಲ್ಲಿ ನೋಡಿದರು. ಮೆಥಡೋನ್ ತೆಗೆದುಕೊಳ್ಳುತ್ತಾ ಇದ್ದಾಗ ವರ್ಷಕ್ಕೆ ಸಾವಿರ ಜನರಲ್ಲಿ ಸುಮಾರು 11 ಸಾವು, ಬಿಟ್ಟ ಮೇಲೆ 36. ಬ್ಯುಪ್ರೆನಾರ್ಫಿನ್‌ನಲ್ಲಿ ಇದ್ದಾಗ ಸುಮಾರು 4, ಬಿಟ್ಟ ಮೇಲೆ 9ಕ್ಕಿಂತ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಇವೆರಡನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ದೇಶದ ಪಟ್ಟಿಗೆ ಬ್ಯುಪ್ರೆನಾರ್ಫಿನ್ 2022ರಲ್ಲಿ ಬಂತು.

ಅಂದರೆ ಔಷಧ ಕೆಲಸ ಮಾಡುತ್ತದೋ ಇಲ್ಲವೋ ಅನ್ನುವ ಚರ್ಚೆ ಮುಗಿದಿದೆ. ಮುಗಿಯದ ಪ್ರಶ್ನೆ ಬೇರೆ. ಸ್ಟಾಕ್‌ಹೋಮಿನ ಕ್ಲಿನಿಕ್‌ನಲ್ಲಿ ನಡೆದದ್ದು ಗುಡಿಬಂಡೆಯಲ್ಲಿ ಹೇಗೆ ನಡೆಯುತ್ತದೆ?

ಮೊದಲ ದಿನ ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಆಗ ಕಷ್ಟ ಗೊತ್ತಾಗುತ್ತದೆ. ಈ ಮಾತ್ರೆಯನ್ನು ಬಂದ ತಕ್ಷಣ ಕೊಡುವ ಹಾಗಿಲ್ಲ. ಮೈಯಲ್ಲಿ ಹಳೆಯ ಮಾತ್ರೆ ತುಂಬಿರುವಾಗ ಕೊಟ್ಟರೆ ಇದು ಅದನ್ನು ತಳ್ಳಿ ತಾನು ಕೂತುಕೊಳ್ಳುತ್ತದೆ. ಆಗ ಒಂದೇ ಏಟಿಗೆ ನಡುಕ, ವಾಂತಿ, ಬೇಧಿ ಶುರು. ಅದಕ್ಕೆ ಕಡೆಯ ಬಾರಿ ತೆಗೆದುಕೊಂಡು ಅರ್ಧ ದಿನವಾದರೂ ಆಗಿರಬೇಕು. ಬೆಂಚಿನ ಮೇಲೆ ಕೂತಿರುತ್ತಾನೆ. ಮೇಲಿಂದ ಮೇಲೆ ಆಕಳಿಸುತ್ತಾನೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಕಣ್ಣಿನ ಪಾಪೆ ಅಗಲವಾಗಿರುತ್ತದೆ. ಬಿಸಿಲಿದ್ದರೂ ಕೈ ಮೇಲೆ ರೋಮ ನಿಂತಿರುತ್ತದೆ. ಕಾಲು ಒಂದು ಕಡೆ ನಿಲ್ಲುವುದಿಲ್ಲ. ನರ್ಸ್ ನಾಡಿ ನೋಡಿ, ಈ ಒಂದೊಂದು ಲಕ್ಷಣಕ್ಕೂ ಅಂಕ ಹಾಕುತ್ತಾರೆ. ಸಾಕಷ್ಟು ಅಂಕ ಬಂದ ಮೇಲೆ ಮಾತ್ರೆ ನಾಲಿಗೆ ಕೆಳಗೆ. ನುಂಗಬಾರದು, ನೀರು ಕುಡಿಯಬಾರದು, ಮಾತಾಡಬಾರದು. ಕರಗಲು ಐದು ಹತ್ತು ನಿಮಿಷ ಬೇಕು. ಕಹಿ. ಅರ್ಧ ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಕಾಲು ನಿಲ್ಲುತ್ತದೆ, ಮುಖ ಸಡಿಲಾಗುತ್ತದೆ. "ಊಟ ಮಾಡ್ಬೋದಾ ಸಾರ್?" ಅಂತ ಕೇಳುತ್ತಾನೆ. ಅಮ್ಮ ಪಕ್ಕದಲ್ಲೇ ಡಬ್ಬಿ ಹಿಡಿದು ಕೂತಿರುತ್ತಾರೆ.

ಈಗ ನೋಡಿ. ಈ ಸ್ಥಿತಿಯಲ್ಲಿ ಇರುವವನು ಬಾಗೇಪಲ್ಲಿಯಿಂದ ಬೆಂಗಳೂರಿಗೆ ನೂರು ಕಿಲೋಮೀಟರ್ ಬಸ್ಸಿನಲ್ಲಿ ಹೋಗಬೇಕು. ಪಾವಗಡದವನು ತುಮಕೂರಿಗೆ ಹೋಗುವುದೂ ಅಷ್ಟೇ ದೂರ. ಹೊಟ್ಟೆ ಕಿವುಚುತ್ತಿರುವಾಗ, ಮೈ ನಡುಗುತ್ತಿರುವಾಗ, ಸೀಟು ಸಿಗದೆ ನಿಂತುಕೊಂಡು. ಬಸ್ ಹತ್ತುವ ಮೊದಲೇ ಯಾವನೋ ಒಬ್ಬ ಮಾತ್ರೆ ಪಟ್ಟಿ ತೋರಿಸುತ್ತಾನೆ. ಅವನು ಯಾವ ಕಡೆ ತಿರುಗಿಯಾನು, ನೀವೇ ಹೇಳಿ. ಬ್ಯುಪ್ರೆನಾರ್ಫಿನ್ ಮಾಮೂಲಿ ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವುದೂ ಇಲ್ಲ, ಚಿಕಿತ್ಸಾ ಕೇಂದ್ರದಿಂದಲೇ ತರಬೇಕು. ದಿನಾ ಹೋಗಿ ಬರಬೇಕಾದರೆ ಒಂದು ದಿನದ ಕೂಲಿ ದಿನಾ ಹೋಯಿತು. ಇಂಥವನು ಚಿಕಿತ್ಸೆ ಬಿಟ್ಟರೆ ನಾವು ಅವನ ಕಾರ್ಡಿನ ಮೇಲೆ "ಸಹಕರಿಸಲಿಲ್ಲ" ಅಂತ ಬರೆಯುತ್ತೇವೆ. ನನಗೆ ಆ ಪದ ಕಂಡರೆ ಸಿಟ್ಟು ಬರುತ್ತದೆ.

ಬೇರೆ ಕಡೆ ಇದನ್ನು ಹೇಗೆ ನಿಭಾಯಿಸಿದರು? ಫ್ರಾನ್ಸ್‌ನಲ್ಲಿ 1990ರ ದಶಕದ ಮಧ್ಯದಲ್ಲಿ ಒಂದು ದಿಟ್ಟ ನಿರ್ಧಾರ ಮಾಡಿದರು. ಊರಿನ ಮಾಮೂಲಿ ಡಾಕ್ಟರು ಯಾರು ಬೇಕಾದರೂ ಬ್ಯುಪ್ರೆನಾರ್ಫಿನ್ ಬರೆಯಬಹುದು ಅಂತ. 1995ರಿಂದ 1999ರ ಒಳಗೆ ಅಲ್ಲಿ ಪ್ರಮಾಣ ಮೀರಿ ಸಾಯುವವರ ಸಂಖ್ಯೆ ನೂರಕ್ಕೆ 79ರಷ್ಟು ಇಳಿಯಿತು. ಅಮೆರಿಕದವರು ಉಲ್ಟಾ ಹೋದರು. 2002ರಲ್ಲಿ ಔಷಧಕ್ಕೆ ಒಪ್ಪಿಗೆ ಸಿಕ್ಕರೂ, ಅದನ್ನು ಬರೆಯೋಕೆ ಡಾಕ್ಟರು ಬೇರೆಯಾಗಿ ಅನುಮತಿ ಪಡೆಯಬೇಕಿತ್ತು. ಹಳ್ಳಿಗಾಡಿನ ಎಷ್ಟೋ ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಗಳಂಥ ಅಲ್ಲಿನ ಭಾಗಗಳಲ್ಲಿ, ಅಂಥ ಅನುಮತಿ ಇದ್ದ ಡಾಕ್ಟರು ಒಬ್ಬರೂ ಇರಲಿಲ್ಲ. ಆ ನಿಯಮ ಹೋದದ್ದು 2022ರ ಡಿಸೆಂಬರಿನಲ್ಲಿ. ಇಪ್ಪತ್ತು ವರ್ಷ ಹಿಡಿಯಿತು.

ಆ ನಡುವೆ ಏನಾಯಿತು ಅನ್ನುವುದಕ್ಕೆ ಇಂಡಿಯಾನಾ ರಾಜ್ಯದ ಸ್ಕಾಟ್ ಕೌಂಟಿ ಸಾಕ್ಷಿ. ಅಲ್ಲಿನ ಆಸ್ಟಿನ್ ಅನ್ನುವ ಊರಿನ ಜನಸಂಖ್ಯೆ ನಾಲ್ಕು ಸಾವಿರದ ಆಸುಪಾಸು. ನಮ್ಮ ಒಂದು ದೊಡ್ಡ ಗ್ರಾಮ ಪಂಚಾಯಿತಿಗಿಂತ ಕಮ್ಮಿ. ಅಲ್ಲೂ ನೋವಿನ ಮಾತ್ರೆಯನ್ನೇ ಕರಗಿಸಿ ಚುಚ್ಚಿಕೊಳ್ಳುತ್ತಿದ್ದರು. ಶುದ್ಧ ಸಿರಿಂಜು ಕೊಡುವ ವ್ಯವಸ್ಥೆ ಇರಲಿಲ್ಲ. ವರ್ಷಕ್ಕೆ ಐದು ಎಚ್‌ಐವಿ ಕೇಸೂ ಕಾಣದ ಆ ಕೌಂಟಿಯಲ್ಲಿ 2014ರ ಕೊನೆಯಿಂದ ಒಂದು ವರ್ಷದಲ್ಲಿ 180ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ಒಂದು ಮಾತ್ರೆ, ಇನ್ನೊಂದು ಸೂಜಿ, ಮೂರನೆಯದು ಆಸ್ಪತ್ರೆ ಇಲ್ಲದ ಊರು. ಈ ಮೂರೂ ನಮ್ಮಲ್ಲೂ ಇವೆ. ಅದಕ್ಕೇ ಆ ಊರಿನ ಹೆಸರು ನೆನಪಿಟ್ಟುಕೊಳ್ಳಿ.

ಆಮೇಲೆ ಅಮೆರಿಕದವರು ದೊಡ್ಡ ಮೊತ್ತ ಹಾಕಿ ಒಂದು ಸಂಶೋಧನೆ ಮಾಡಿದರು. ಕೆಂಟಕಿ, ಒಹಾಯೊ, ನ್ಯೂಯಾರ್ಕ್, ಮ್ಯಾಸಚೂಸೆಟ್ಸ್ ರಾಜ್ಯಗಳ 67 ಊರು, ಕೌಂಟಿಗಳು ಅದರಲ್ಲಿದ್ದವು. ಹಳ್ಳಿಗಳೂ ಇದ್ದವು. ಅರ್ಧದಷ್ಟು ಊರುಗಳಲ್ಲಿ ಸ್ಥಳೀಯರ ಸಮಿತಿ ಮಾಡಿ, ಔಷಧ ಚಿಕಿತ್ಸೆ ಹೆಚ್ಚಿಸುವುದು, ಪ್ರಮಾಣ ಮೀರಿದವರ ಉಸಿರು ವಾಪಸ್ ತರುವ ನಲಾಕ್ಸೋನ್ ಅನ್ನುವ ಔಷಧ ಹಂಚುವುದು ಎಲ್ಲ ಮಾಡಿದರು. ಉಳಿದ ಊರುಗಳು ಕಾದವು. 2024ರಲ್ಲಿ ಫಲಿತಾಂಶ ಬಂತು. ಸಾವಿನ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಬೇಕೆಂದೇ ಹೇಳುತ್ತಿದ್ದೇನೆ. ಸೋತ ಫಲಿತಾಂಶವನ್ನೂ ಮುಚ್ಚಿಡದೆ ಪ್ರಕಟಿಸುವುದೇ ಪ್ರಾಮಾಣಿಕ ಸಂಶೋಧನೆ. ಅದರ ಒಳಗೆ ನೋಡಿದರೆ ಕಾರಣವೂ ಕಾಣುತ್ತದೆ. ಊರಿನವರು ಆರಿಸಿಕೊಂಡ 615 ಕೆಲಸಗಳಲ್ಲಿ, ಲೆಕ್ಕ ಹಾಕುವ ವರ್ಷ ಶುರುವಾಗುವ ಹೊತ್ತಿಗೆ ಆರಂಭವಾಗಿದ್ದವು 235 ಮಾತ್ರ. ಕೋವಿಡ್ ಅಡ್ಡ ಬಂತು, ಫೆಂಟನಿಲ್ ಅನ್ನುವ ಇನ್ನೂ ಭಯಂಕರ ಡ್ರಗ್ ಬಂತು. ನನಗೆ ಕಂಡ ಪಾಠ ಇದು: ಊರಿನವರು ಸೇರಿ ಕೆಲಸ ಮಾಡೋಕೆ ಸಮಯ ಬೇಕು. ಒಂದು ವರ್ಷದ ಪ್ರಾಜೆಕ್ಟ್ ಅಂತ ಬಂದು ಅಳೆದುಕೊಂಡು ಹೋದರೆ ಏನೂ ಕಾಣುವುದಿಲ್ಲ.

ನಮ್ಮ ದೇಶಕ್ಕೆ ಬರೋಣ. ಪಂಜಾಬಿನಲ್ಲಿ 2017ರ ಅಕ್ಟೋಬರಿನಿಂದ ಹೊರರೋಗಿ ಕ್ಲಿನಿಕ್‌ಗಳನ್ನು ತೆರೆದರು. ಆಸ್ಪತ್ರೆಗೆ ಸೇರಬೇಕಾಗಿಲ್ಲ, ಬಂದು ಮಾತ್ರೆ ತೆಗೆದುಕೊಂಡು ಹೋಗಬಹುದು. ಮೊದಲು ದಿನಾ ಬರಬೇಕಿತ್ತು. ಕಣ್ಣೆದುರೇ ಮಾತ್ರೆ ಕರಗಬೇಕು ಅಂತ. ಮನೆಗೆ ಕೊಟ್ಟರೆ ಮಾರಿಕೊಳ್ಳುತ್ತಾರೆ ಅನ್ನುವ ಭಯ. 2020ರಲ್ಲಿ ಲಾಕ್‌ಡೌನ್ ಬಂದಾಗ ಬೇರೆ ದಾರಿ ಇರಲಿಲ್ಲ, ಕೆಲವು ದಿನಗಳ ಮಾತ್ರೆ ಮನೆಗೇ ಕೊಟ್ಟರು. ಕೂಲಿ ಕಳೆದುಕೊಳ್ಳದೆ ಚಿಕಿತ್ಸೆ ಮುಂದುವರಿಸಲು ಅದರಿಂದ ಅನುಕೂಲವಾಯಿತು. ಮಾರಾಟದ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಎಷ್ಟು ದಿನದ ಮಾತ್ರೆ ಮನೆಗೆ ಕೊಟ್ಟರೆ ಒಳ್ಳೆಯದು ಜಾಸ್ತಿ, ಕೆಟ್ಟದ್ದು ಕಮ್ಮಿ? ಇದು ಭಾಷಣದಿಂದ ತೀರ್ಮಾನವಾಗುವ ವಿಷಯ ಅಲ್ಲ. ಅಳೆದು ನೋಡಬೇಕು. ಪಂಜಾಬಿನ ಉತ್ತರವೇ ನಮ್ಮ ಮುಳಬಾಗಿಲಿಗೂ ಹೊಂದುತ್ತದೆ ಅಂತ ಅಂದುಕೊಳ್ಳೋಕೂ ಆಗಲ್ಲ.

ತಜ್ಞ ಡಾಕ್ಟರು ಪ್ರತಿ ತಾಲೂಕಿಗೂ ಸಿಗುವುದಿಲ್ಲ. ಅದು ಸತ್ಯ. ಆದರೆ ತಜ್ಞರ ತಿಳಿವಳಿಕೆ ಬರಬಹುದು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ ಅನ್ನುವವರು 2003ರಲ್ಲಿ ಇದನ್ನು ಹೆಪಟೈಟಿಸ್ ಸಿ ಕಾಯಿಲೆಗೆ ಮಾಡಿ ತೋರಿಸಿದರು. ಹಳ್ಳಿ ಡಾಕ್ಟರುಗಳು ವಾರಕ್ಕೊಮ್ಮೆ ವಿಡಿಯೊದಲ್ಲಿ ತಮ್ಮ ರೋಗಿಗಳ ಬಗ್ಗೆ ತಜ್ಞರ ಜೊತೆ ಚರ್ಚಿಸುವುದು, ಚಿಕಿತ್ಸೆ ಮಾತ್ರ ತಾವೇ ಕೊಡುವುದು. 2011ರಲ್ಲಿ ಫಲಿತಾಂಶ ಹೋಲಿಸಿ ನೋಡಿದರು. ಯೂನಿವರ್ಸಿಟಿ ಆಸ್ಪತ್ರೆಯಲ್ಲಿ ನೂರಕ್ಕೆ 57.5 ಜನ ಗುಣವಾಗಿದ್ದರೆ, ಹಳ್ಳಿ ಮತ್ತು ಜೈಲಿನ ಕ್ಲಿನಿಕ್‌ಗಳಲ್ಲಿ 58.2. ನಿಮ್ಹಾನ್ಸ್ ಇದೇ ಮಾದರಿಯಲ್ಲಿ ಡಾಕ್ಟರುಗಳಿಗೆ ವ್ಯಸನ ಚಿಕಿತ್ಸೆಯ ತರಬೇತಿ ಕೊಡುತ್ತಿದೆ. ಬೆಂಗಳೂರಿನ ಪಕ್ಕದಲ್ಲೇ ಇರುವ ನಮಗೆ ಇದರ ಲಾಭ ಮೊದಲು ಸಿಗಬೇಕು ಅಲ್ವಾ?

ಕೌನ್ಸೆಲಿಂಗ್‌ಗೂ ದೊಡ್ಡ ಡಿಗ್ರಿ ಬೇಕೇ ಬೇಕು ಅಂತಿಲ್ಲ. ಗೋವಾದ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ತರಬೇತಿ ಪಡೆದ ಸಾಮಾನ್ಯ ಜನರಿಂದಲೇ ಕೌನ್ಸೆಲಿಂಗ್ ಕೊಡಿಸಿ, ಕುಡಿತದ ಸಮಸ್ಯೆ ಇರುವ 377 ಗಂಡಸರ ಮೇಲೆ ಒಂದು ಅಧ್ಯಯನ ನಡೆಯಿತು. 2017ರಲ್ಲಿ ಪ್ರಕಟವಾಯಿತು. ಮೂರು ತಿಂಗಳ ನಂತರ, ಅವರ ಜೊತೆ ಕೂತು ಮಾತಾಡಿದ ಗುಂಪಿನಲ್ಲಿ ನೂರಕ್ಕೆ 36 ಜನರ ಕುಡಿತ ಹತೋಟಿಗೆ ಬಂದಿತ್ತು. ಮಾಮೂಲಿ ಚಿಕಿತ್ಸೆ ಸಿಕ್ಕವರಲ್ಲಿ 26. ಅದು ಕುಡಿತದ ವಿಷಯ, ಒಪಿಯಾಯ್ಡ್‌ದಲ್ಲ. ಆದರೂ ಇಲ್ಲಿ ಕೂತಿರುವ ಆಶಾ ಅಕ್ಕಂದಿರನ್ನು ನೋಡಿದಾಗ ನನಗೆ ಆ ಲೆಕ್ಕ ನೆನಪಾಗುತ್ತದೆ. ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಇವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಹಾಗಂತ ಇವರ ತಲೆ ಮೇಲೆ ಇನ್ನೊಂದು ರಿಜಿಸ್ಟರ್ ಸುಮ್ನೆ ಹೊರಿಸಬಾರದು. ಕೆಲಸ ಕೊಟ್ಟರೆ ದುಡ್ಡೂ ಕೊಡಬೇಕು.

ಹಳ್ಳಿಯಲ್ಲಿ ಸಂಶೋಧನೆ ಆಗಲ್ಲ ಅನ್ನುವವರಿಗೆ ನಾನು ತುರುವೇಕೆರೆ ತೋರಿಸುತ್ತೇನೆ. ತುಮಕೂರು ಜಿಲ್ಲೆಯ ಆ ತಾಲೂಕಿನಲ್ಲಿ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಊರಿನ ಆರೋಗ್ಯ ಕಾರ್ಯಕರ್ತರ ನೆರವಿನಿಂದ ಹುಡುಕಿ, ಅಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಅವರ ಜೊತೆ ಇದ್ದು ಅಧ್ಯಯನ ಮಾಡಿದ್ದಾರೆ. ಕಾಯಿಲೆ ಬೇರೆ, ದಾರಿ ಅದೇ.

ನಮ್ಮ ಜಿಲ್ಲೆಯಲ್ಲಿ ಇಂಥ ಅಧ್ಯಯನ ನಡೆದರೆ ಅದು ಹೇಗಿರಬೇಕು? ನನ್ನ ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ. ಜನರನ್ನು ಒಬ್ಬೊಬ್ಬರಾಗಿ ಚೀಟಿ ಎತ್ತಿ ಗುಂಪು ಮಾಡಬಾರದು. ಒಂದೇ ಊರಿನ ಇಬ್ಬರಿಗೆ ಬೇರೆ ಬೇರೆ ಚಿಕಿತ್ಸೆ ಕೊಟ್ಟರೆ ಸಂಜೆ ಟೀ ಅಂಗಡಿಯಲ್ಲಿ ಮಾತ್ರೆ ಹಂಚಿಕೊಳ್ಳುತ್ತಾರೆ. ಆರೋಗ್ಯ ಕೇಂದ್ರಗಳನ್ನೇ ಚೀಟಿ ಎತ್ತಿ ಬೇರೆ ಮಾಡಬೇಕು. ಕೆಲವು ಪಿಎಚ್‌ಸಿಗಳಲ್ಲಿ ವಿಡಿಯೊ ಮಾರ್ಗದರ್ಶನದ ಜೊತೆ ಅಲ್ಲೇ ಚಿಕಿತ್ಸೆ. ಉಳಿದ ಕಡೆ ಈಗಿರುವ ಹಾಗೆ ಜಿಲ್ಲಾಸ್ಪತ್ರೆಗೆ ಕಳಿಸುವುದು, ಬಸ್ ಚಾರ್ಜು ಕೊಟ್ಟು. ಯಾರಿಗೂ ಔಷಧ ತಪ್ಪಿಸಬಾರದು. ಸ್ಟಾಕ್‌ಹೋಮಿನ ನಾಲ್ಕು ಸಾವುಗಳ ನಂತರ ಖಾಲಿ ಮಾತ್ರೆಯ ಗುಂಪು ಇಡುವುದು ಅನ್ಯಾಯ. ಆರು ತಿಂಗಳು, ಒಂದು ವರ್ಷದ ನಂತರ ಯಾರು ಇನ್ನೂ ಚಿಕಿತ್ಸೆಯಲ್ಲಿದ್ದಾರೆ, ಎಷ್ಟು ದಿನ ಕೆಲಸಕ್ಕೆ ಹೋದರು, ಮನೆಯಲ್ಲಿ ಸಾಲ ಇಳಿಯಿತಾ, ಎಷ್ಟು ಜನ ಬದುಕಿದ್ದಾರೆ, ಇದನ್ನೆಲ್ಲ ನೋಡಬೇಕು. ಮೂತ್ರ ಪರೀಕ್ಷೆ ಒಂದನ್ನೇ ನೋಡಿದರೆ ಸಾಲದು. ಮಧ್ಯೆ ಕಾಣೆಯಾದವರನ್ನು ಲೆಕ್ಕದಿಂದ ತೆಗೆಯಬಾರದು. ಅಂಥವರ ಮನೆಗೆ ಹೋಗಿ ಕೇಳಬೇಕು. ನಮಗೆ ತಿಳಿಯಬೇಕಾದದ್ದು ಅವರ ಹತ್ತಿರವೇ ಜಾಸ್ತಿ ಇರುತ್ತದೆ.

ಹೆಂಗಸರನ್ನು ಹುಡುಕಿ ಸೇರಿಸಿಕೊಳ್ಳಬೇಕು. ಡಿ-ಅಡಿಕ್ಷನ್ ಅನ್ನುವ ಬೋರ್ಡಿನ ಕೆಳಗೆ ಅವರು ಬಂದು ಕೂರುವುದಿಲ್ಲ, ಮರ್ಯಾದೆ ಪ್ರಶ್ನೆ. ಬಿಪಿ, ಶುಗರ್ ನೋಡುವ ದಿನವೇ ನೋವಿನ ಮಾತ್ರೆ ಬಗ್ಗೆಯೂ ಕೇಳಬೇಕು. ಅದಕ್ಕೇ ಪಿಎಚ್‌ಸಿ ಬೇಕು ಅನ್ನುವುದು.

ಇನ್ನು ಒಪ್ಪಿಗೆ ಪತ್ರ. ಇದರ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಇಂಥ ಪತ್ರಗಳು ಮೊದಲು ಇಂಗ್ಲಿಷಿನಲ್ಲಿ ತಯಾರಾಗಿ, ಆಮೇಲೆ ಯಾರಿಗೂ ಅರ್ಥವಾಗದ ಕನ್ನಡಕ್ಕೆ ಬರುತ್ತವೆ. "ಭಾಗಿಯು ಯಾವುದೇ ಹಂತದಲ್ಲಿ ಹಿಂತೆಗೆದುಕೊಳ್ಳುವ ಸ್ವಾತಂತ್ರ್ಯವನ್ನು ಹೊಂದಿರುತ್ತಾರೆ." ಇದನ್ನು ಓದಿ ಹೇಳಿದರೆ ಬಾಗೇಪಲ್ಲಿಯ ಮನೆಯಲ್ಲಿ ತೆಲುಗು ಮಾತಾಡುವ ಅಣ್ಣನಿಗೆ ಏನು ತಿಳಿಯುತ್ತದೆ? "ಬೇಡ ಅನ್ನಿಸಿದ ದಿನ ಬಿಡಬಹುದು. ಬಿಟ್ಟರೂ ಇದೇ ಆಸ್ಪತ್ರೆಯಲ್ಲಿ ನಿಮಗೆ ಮಾತ್ರೆ ಸಿಗುತ್ತೆ. ಯಾರೂ ಬೈಯಲ್ಲ." ಹೀಗೆ ಹೇಳಬೇಕು, ಅವರ ಮನೆಮಾತಿನಲ್ಲಿ. ಹೇಳಿದ ಮೇಲೆ, "ಈಗ ನೀವು ನನಗೆ ಹೇಳಿ, ಏನು ಅರ್ಥ ಆಯ್ತು?" ಅಂತ ವಾಪಸ್ ಕೇಳಬೇಕು. ಇನ್ನೊಂದು ಸೂಕ್ಷ್ಮ ಇದೆ. ಅವನ ತಾಯಿಗೆ ಶುಗರ್ ನೋಡುವ ಡಾಕ್ಟರೇ ಪತ್ರ ಮುಂದಿಟ್ಟರೆ ಅವನು ಇಲ್ಲ ಅನ್ನುತ್ತಾನಾ? ಅನ್ನುವುದಿಲ್ಲ. ಆದ್ದರಿಂದ ಕೇಳುವವರು ಬೇರೆಯವರಾಗಿರಬೇಕು. ಮೈ ನಡುಗುತ್ತಿರುವಾಗ ಕೇಳಲೇಬಾರದು. ಆ ಹೊತ್ತಿನಲ್ಲಿ ಏನು ಮುಂದಿಟ್ಟರೂ ಹೆಬ್ಬೆಟ್ಟು ಒತ್ತುತ್ತಾರೆ.

ಗುಟ್ಟು ಕಾಪಾಡುವುದು ಹಳ್ಳಿಯಲ್ಲಿ ಎಲ್ಲಕ್ಕಿಂತ ಕಷ್ಟ. ಸಂಸ್ಥೆಯ ಹೆಸರು ಬರೆದ ಜೀಪು ಮನೆ ಮುಂದೆ ನಿಂತರೆ ಸಾಕು, ಸಂಜೆ ಹೊತ್ತಿಗೆ ಊರಿಗೆಲ್ಲ ಗೊತ್ತು. ಹುಡುಗನ ತಂಗಿಯ ಮದುವೆ ಮಾತುಕತೆ ನಿಂತು ಹೋಗಬಹುದು. ಆದ್ದರಿಂದ ಜೀಪು ಬೇಡ. ಬೇರೆ ಎಲ್ಲರೂ ಬರುವ ಕಡೆಗೇ ಇವರೂ ಬರಲಿ.

ಕೆಲವು ಪ್ರಶ್ನೆಗಳು

ಮೆಡಿಕಲ್ ಸ್ಟೋರ್ ನಡೆಸುವ ಒಬ್ಬರು ಎದ್ದು, "ಚೀಟಿ ಇಲ್ಲದೆ ಕೊಡಲ್ಲ ಅಂದ್ರೆ ಜಗಳಕ್ಕೆ ಬರ್ತಾರೆ, ನಾವೇನು ಮಾಡೋದು?" ಅಂತ ಕೇಳಿದರು. ಕೊಡಬೇಡಿ. ಜೊತೆಗೆ ಇನ್ನೊಂದು ಮಾತು ಸೇರಿಸಿ: ಎಲ್ಲಿಗೆ ಹೋದರೆ ಚಿಕಿತ್ಸೆ ಸಿಗುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ವ್ಯಸನಕ್ಕೆಂದೇ ಇರುವ ಸಹಾಯವಾಣಿ 14446. ಬರೀ ಬಾಗಿಲು ಹಾಕಿದರೆ ಅವನು ಇನ್ನೂ ಕೆಟ್ಟ ಕಡೆ ಹೋಗುತ್ತಾನೆ.

ಒಬ್ಬ ತಾಯಿ, "ಎಷ್ಟು ದಿನ ಈ ಮಾತ್ರೆ ತಗೋಬೇಕು?" ಅಂದರು. ಅಮ್ಮ, ತಿಂಗಳಲ್ಲಿ ಮುಗಿಯುವುದಿಲ್ಲ. ಎಷ್ಟೋ ಜನರಿಗೆ ವರ್ಷಗಳೇ ಬೇಕು. ಬಿಪಿ ಮಾತ್ರೆ ಎಷ್ಟು ದಿನ ಅಂತ ನಾವು ಅವಸರ ಮಾಡುವುದಿಲ್ಲ. ಕೆಲಸ, ಊಟ, ನಿದ್ದೆ, ಮನೆ ಎಲ್ಲ ಸರಿಹೋಗಿ, ಅವನಿಗೇ ಧೈರ್ಯ ಬಂದ ಮೇಲೆ, ಡಾಕ್ಟರ ಜೊತೆ ಕೂತು ನಿಧಾನಕ್ಕೆ ಇಳಿಸಬಹುದು. ನೀವಾಗಿ ನಿಲ್ಲಿಸಬೇಡಿ.

"ಸರ್ಕಾರಿ ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತಾ?" ಇದನ್ನು ಒಬ್ಬ ಹುಡುಗ ಚೀಟಿಯಲ್ಲಿ ಬರೆದು ಕಳಿಸಿದ್ದ. ಚಿಕಿತ್ಸೆಗೆ ಬಂದವರನ್ನು ಹಿಡಿದುಕೊಡುವುದು ಡಾಕ್ಟರ ಕೆಲಸ ಅಲ್ಲ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಲ್ಲಿ ಇನ್ನೂ ಒಂದು ರಕ್ಷಣೆ ಇದೆ. ಬಳಸಿದ್ದಕ್ಕೆ ಅಥವಾ ಅಲ್ಪ ಪ್ರಮಾಣ ಇಟ್ಟುಕೊಂಡಿದ್ದಕ್ಕೆ ಕೇಸ್ ಇರುವ ವ್ಯಸನಿ, ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆ ಪಡೆದರೆ ಅವನ ಮೇಲೆ ವಿಚಾರಣೆ ನಡೆಸುವುದಿಲ್ಲ. ಚಿಕಿತ್ಸೆ ಪೂರ್ತಿ ಮಾಡಬೇಕು, ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ಯಾರಾದರೂ ಪ್ರಜ್ಞೆ ತಪ್ಪಿ ಬಿದ್ದರೆ ಏನು ಮಾಡುವುದು ಅಂತಲೂ ಕೇಳಿದರು. ಉಸಿರು ನಿಧಾನ, ತುಟಿ ನೀಲಿ, ಪಾಪೆ ಸೂಜಿಮೊನೆಯಷ್ಟು ಚಿಕ್ಕದು, ಇವು ಗುರುತು. ಮಜ್ಜಿಗೆ, ನಿಂಬೆರಸ ಏನೂ ಬಾಯಿಗೆ ಹಾಕಬೇಡಿ. 108ಕ್ಕೆ ಫೋನ್ ಮಾಡಿ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಬಿಟ್ಟು ಹೋಗಬೇಡಿ. ಉಸಿರು ನಿಂತಿದ್ದರೆ ಬಾಯಿಂದ ಉಸಿರು ಕೊಡಿ, ಎದೆ ಒತ್ತಿ. ಏನು ತೆಗೆದುಕೊಂಡಿದ್ದ ಅಂತ ಆಂಬ್ಯುಲೆನ್ಸ್‌ನವರಿಗೆ ಮುಚ್ಚಿಡದೆ ಹೇಳಿ. ನಲಾಕ್ಸೋನ್ ಇಂಜೆಕ್ಷನ್ ಸಮಯಕ್ಕೆ ಸಿಕ್ಕರೆ ಕೆಲವೇ ನಿಮಿಷದಲ್ಲಿ ಉಸಿರು ವಾಪಸ್ ಬರುತ್ತದೆ. ಆದರೆ ಅದರ ಪರಿಣಾಮ ಬೇಗ ಇಳಿಯುತ್ತದೆ, ಹಾಗಾಗಿ ಎದ್ದು ಕೂತ ಅಂತ ಮನೆಗೆ ಕರೆದುಕೊಂಡು ಹೋಗಬೇಡಿ.

ಕೊನೆಯದಾಗಿ, ಸಂಶೋಧನೆಯವರು ನಮ್ಮೂರಿಗೆ ಬಂದರೆ ನಾವೇನು ಕೇಳಬೇಕು ಅಂತ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಸಂಶೋಧನೆಯಲ್ಲಿ ಜನರಿಗೆ ಅನ್ಯಾಯ ಆಗದಂತೆ ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ತೋರಿಸಿ ಅನ್ನಿ. ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಇದರ ನಂಬರ್ ಎಷ್ಟು ಅಂತ ಕೇಳಿ. 2007ರಿಂದ ಅದು ಇದೆ, ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಕಳೆದುಹೋದ ಕೂಲಿ ಕೊಡುತ್ತೀರಾ, ಏನಾದರೂ ತೊಂದರೆ ಆದರೆ ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿ. ಫಲಿತಾಂಶ ಬಂದ ಮೇಲೆ ಇಲ್ಲಿಗೇ ಬಂದು ಕನ್ನಡದಲ್ಲಿ ಹೇಳುತ್ತೀರಾ ಅಂತ ಕೇಳಿ. ಇವೆಲ್ಲಕ್ಕಿಂತ ಮೊದಲು, ನಿಮ್ಮ ಅಧ್ಯಯನ ಮುಗಿದ ಮರುದಿನ ಈ ಮಾತ್ರೆ ಯಾರು ಕೊಡುತ್ತಾರೆ ಅಂತ ಕೇಳಿ. ಅದಕ್ಕೆ ಜಿಲ್ಲಾ ಆರೋಗ್ಯಾಧಿಕಾರಿಗಳ ಸಹಿ ಇರುವ ಉತ್ತರ ಕಾಗದದಲ್ಲಿ ಸಿಗುವ ತನಕ ಒಬ್ಬರ ಹೆಸರನ್ನೂ ಬರೆಸಬೇಡಿ.